ಇಪ್ಪತ್ತೆರಡು, ಇಪ್ಪತ್ನಾಲ್ಕಲ್ಲ

ಪುಂತಾ ಅರೇನಸ್ಸಿನಲ್ಲಿ ಗಾಳಿ ಎದ್ದ ದಿನ
ಬೀದಿಗುಂಟ ಹಗ್ಗ ಕಟ್ಟುತ್ತಾರೆ.
ಮುದುಕರು, ಶಾಲೆಯ ಮಕ್ಕಳು, ನಾನು
ಹಿಡಿದು ಹಿಡಿದು ತಿರುವು ದಾಟುತ್ತೇವೆ.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಗಾಳಿಯಿಲ್ಲ.
ಹಗ್ಗವೂ ಇಲ್ಲ.

ಒಳಗೆ ಕಾಲಿಟ್ಟರೆ ಚಹಾದ ಮೇಜಿನಲ್ಲಿ
ಮಾತು ಅರ್ಧಕ್ಕೇ ನಿಲ್ಲುತ್ತದೆ,
ಚಮಚ ಮಾತ್ರ ಇನ್ನೆರಡು ಸುತ್ತು ತಿರುಗುತ್ತದೆ.
ಐದು ಕುರ್ಚಿ, ನಾಲ್ಕು ಜನ,
ಐದನೆಯದರ ಮೇಲೆ ಒದೆತ್‌ಳ ಕೈಚೀಲ.
ಆ ಚೀಲದ್ದು ಖಾಯಂ ಹುದ್ದೆ,
ನನ್ನದಿನ್ನೂ ಮೂರು ತಿಂಗಳ ಪರೀಕ್ಷೆಯಲ್ಲಿದೆ.

'ಬಂದಳಪ್ಪ ಓದಿದವಳು' ಅನ್ನುತ್ತಾಳೆ ನೊಲ್ಫಾ,
'ಪುಸ್ತಕದ ರಕ್ತ ಬಿಸಿ ಇರೋದಿಲ್ಲ, ಗೊತ್ತಾ ಮಗೂ?'
ಮೊದಲ ವಾರ ಅವರ ಜೊತೆ ನಾನೂ ನಕ್ಕೆ,
ಬಾಗಿಲಲ್ಲಿ ಕೊಡಬೇಕಾದ ಸುಂಕವೆಂದುಕೊಂಡು.
ಸುಂಕ ಮುಗಿಯಲಿಲ್ಲ.

ಒಂದು ಸಂಜೆ ಪಾಳಿ ಒಪ್ಪಿಸುವಾಗ ಒದೆತ್ ಹೇಳಿದ್ದು ಇಷ್ಟು:
'ಆರನೇ ಹಾಸಿಗೆ. ಎಲಿಯೆಸೆರ್. ಅರವತ್ತೊಂದು.
ಏಡಿ ಹಿಡಿಯುವವನು. ನ್ಯುಮೋನಿಯಾ.
ಮಿಕ್ಕದ್ದು ಕಾಗದದಲ್ಲಿದೆ.'
ಕಾಗದದಲ್ಲಿರಲಿಲ್ಲ,
ಅವನ ರಕ್ತದೊತ್ತಡವನ್ನು ಎತ್ತಿ ಹಿಡಿದ ಔಷಧಿ ಚೀಲದಲ್ಲಿ
ಹತ್ತೇ ನಿಮಿಷ ಬಾಕಿ ಎಂಬುದು.
ನಾನಾಗಿ ನೋಡಿದೆ, ಓಡಿದೆ, ಹೊಸದು ತೂಗುಹಾಕಿದೆ.
ಬೇಕಂತಲೋ, ಮರೆತೋ, ಇವತ್ತಿಗೂ ಗೊತ್ತಿಲ್ಲ.
ನನ್ನ ತಪ್ಪಿಗೆ ಕಾದು ಕೂರಲಿ, ಸರಿ,
ಆ ಹೊಂಚಿನ ನಡುವೆ ಒಬ್ಬ ಮನುಷ್ಯ ಮಲಗಿದ್ದ.

ಅದೇ ರಾತ್ರಿ ಮೂರಕ್ಕೆ, ಆ ತುದಿಯಿಂದ ಒದೆತ್:
'ಮಿಲೆಂಕಾ! ಅವನ ಟ್ಯೂಬು ಇಪ್ಪತ್ತೆರಡರಲ್ಲಿದೆ,
ನೀನು ಬರೆದದ್ದು ಇಪ್ಪತ್ನಾಲ್ಕು.
ನಿನ್ನ ಅಜ್ಜಂದಿರು ಹಡಗು ಹತ್ತುವಾಗ
ಕಣ್ಣುಗಳನ್ನ ಕ್ರೊಯೇಷಿಯಾದಲ್ಲೇ ಬಿಟ್ಟು ಬಂದರಾ?'
ಎಂಟು ಹಾಸಿಗೆಗೂ ಕೇಳುವಷ್ಟು ಜೋರು.
ಎಂಟೂ ಜನ ಮದ್ದಿನ ನಿದ್ದೆಯಲ್ಲಿದ್ದರು,
ಕೇಳಿಸಿಕೊಂಡವಳು ನಾನೊಬ್ಬಳೇ, ಎಂಟು ಸಲ.

ದುಪ್ಪಟಿ ಇಡುವ ಕೋಣೆಯಲ್ಲಿ
ಒಗೆದ ಬಟ್ಟೆಯ ಗಂಜಿ ವಾಸನೆಗೆ ಮುಖ ಒತ್ತಿ ನಿಂತೆ.
ಕಣ್ಣು, ಅಜ್ಜಂದಿರು, ಹಡಗು,
ಒಂದೊಂದೇ ಕಿತ್ತು ನೆಲಕ್ಕೆ ಹಾಕಿದೆ.
ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಅಂಕಿ.
ವಾಪಸು ಬಂದು ಟಾರ್ಚು ಹಿಡಿದು ಹಲ್ಲಿನ ಹತ್ತಿರ ನೋಡಿದರೆ
ಇಪ್ಪತ್ತೆರಡೇ.
ಸುಳ್ಳಾಗಿದ್ದಿದ್ದರೆ ಎಷ್ಟು ಸುಲಭವಿತ್ತು,
ನೆಮ್ಮದಿಯಾಗಿ ದ್ವೇಷಿಸಬಹುದಿತ್ತು.

ತಿದ್ದಿದೆ. ಗಂಟೆ ಬರೆದು ಸಹಿ ಹಾಕಿದೆ.
ಆಮೇಲೆ ದನಿ ಒಡೆದರೂ ಸರಿ ಎಂದು ಹೋಗಿ ನಿಂತೆ:
'ಒದೆತ್, ನೀವು ಹೇಳಿದ್ದು ಸರಿ.
ಆ ಚೀಲ ಮುಗಿಯುತ್ತಿದ್ದದ್ದನ್ನೂ ಹೀಗೇ ಹೇಳಿಬಿಡಿ.
ಬೈದೇ ಹೇಳಿ, ಅಜ್ಜಂದಿರನ್ನೂ ಎಳೆದು ತನ್ನಿ.
ಹೇಳದೆ ಮಾತ್ರ ಇರಬೇಡಿ.'
ಅವಳು ಸಿರಿಂಜಿನ ಗುಳ್ಳೆಯನ್ನು ಬೆರಳಲ್ಲಿ ತಟ್ಟುತ್ತಿದ್ದಳು,
ತಟ್ಟುತ್ತಲೇ ಇದ್ದಳು, ಗುಳ್ಳೆ ಹೋದ ಮೇಲೂ.

ಒಂಬತ್ತನೇ ದಿನ ಟ್ಯೂಬು ತೆಗೆದರು.
ದೋನ್ ಎಲಿಯೆಸೆರ್ ಉಪ್ಪುಕಾಗದದಂಥ ದನಿಯಲ್ಲಿ
ಸೆಂತೋಯಾ ಹಿಡಿಯುವುದು ಹೇಗೆಂದು ಹೇಳಿಕೊಟ್ಟ:
'ಮೈಯೆಲ್ಲ ಮುಳ್ಳಿನ ಏಡಿ ಅದು, ಎದುರಿಂದ ಕೈ ಹಾಕಬಾರದು.
ಗವಸು ತೊಟ್ಟು ಹಿಂಗಾಲು ಹಿಡೀಬೇಕು.'
ಅದಕ್ಕೇನು ನಮ್ಮ ಮೇಲೆ ಹಗೆಯೇ ಪಾಪ, ಅಂದೆ.
'ಇದೆ ಇದೆ' ಅಂದ, 'ಇರದೆ ಏನು?'
ನಗಲು ಹೋಗಿ ಕೆಮ್ಮಿದ,
ಕಫದ ಬಟ್ಟಲು ಹಿಡಿದೆ.

ನಿನ್ನೆ ಸಂಜೆ ಒದೆತ್, ಮುಖ ನೋಡದೆ:
'ಎರಡನೇ ಹಾಸಿಗೆ. ಚೀಲದಲ್ಲಿ ನಲವತ್ತು ನಿಮಿಷ ಇದೆ.'
ನೊಲ್ಫಾ ಅವಳನ್ನೇ ದಿಟ್ಟಿಸಿದಳು.

ಕುರ್ಚಿಯ ಮೇಲೆ ಕೈಚೀಲ ಇನ್ನೂ ಇದೆ.
ನಾನು ನಿಂತೇ ಚಹಾ ಕುಡಿಯುತ್ತೇನೆ,
ಬಿಸಿ ಬಿಸಿ,
ಪೂರ್ತಿ ಲೋಟ.